ಎಲ್ಲರಿಗೂ ಎಟುಕುವ ಆನ್‌ಲೈನ್ ತರಬೇತಿ

ನಮ್ಮ ತರಬೇತಿ ಕಚೇರಿಯವರಿಗೆ ಅಂಗವಿಕಲರ ಮೇಲೆ ವರ್ಷಕ್ಕೆರಡು ಸಲ ಪ್ರೀತಿ ಉಕ್ಕುತ್ತದೆ. ಉಕ್ಕಿದಾಗಲೆಲ್ಲ ನಮಗೇನಾದರೊಂದು ಗ್ರಹಚಾರ ಗ್ಯಾರಂಟಿ.

ನಾನು ಮಧುಗಿರಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜದ ಮೇಷ್ಟ್ರು. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಇಪ್ಪತ್ತು ವರ್ಷದಿಂದ ಭೂಪಟ ಕಲಿಸುತ್ತಿದ್ದೇನೆ, ಯಾವ ಮಗುವೂ ದಾರಿ ತಪ್ಪಿದ ವರದಿ ಇಲ್ಲ. ಪರದೆಯ ಮೇಲಿನ ಅಕ್ಷರವನ್ನು ಕಂಪ್ಯೂಟರೇ ಗಟ್ಟಿಯಾಗಿ ಓದಿ ಹೇಳುತ್ತದೆ, ನನ್ನ ಕೆಲಸವೆಲ್ಲ ಹಾಗೇ ನಡೆಯುತ್ತದೆ.

ಈಚೆಗೆ ತರಬೇತಿಗಳೆಲ್ಲ ಆನ್‌ಲೈನ್ ಆದವು. ಅವು ನಮ್ಮಂಥವರಿಗೂ ಅನುಕೂಲವಾಗಿವೆಯೇ ಎಂದು ಪರೀಕ್ಷಿಸಲು ಒಂದು ಸಮಿತಿ ಆಯಿತು. ನಾನು, ಕಿವಿ ಕೇಳದ ಶಿರಾದ ಡ್ರಾಯಿಂಗ್ ಮೇಡಂ, ಗಾಲಿಕುರ್ಚಿಯಲ್ಲಿ ಓಡಾಡುವ ಪಾವಗಡದ ಲೆಕ್ಕದ ಮೇಷ್ಟ್ರು. ನಮ್ಮ ಮೇಲೊಬ್ಬ ಸಾಹೇಬರು. ಅವರಿಗೆ ಕಣ್ಣು, ಕಿವಿ, ಕಾಲು ಮೂರೂ ಸರಿಯಾಗಿದ್ದವು. ಉಪಯೋಗಿಸಿದ್ದನ್ನು ಮಾತ್ರ ನಾವ್ಯಾರೂ ಕಾಣೆವು.

ನನಗೆ ಇದು ಬರೀ ತಮಾಷೆಯಾಗಿರಲಿಲ್ಲ. ಮುಖ್ಯೋಪಾಧ್ಯಾಯರ ಬಡ್ತಿಗೆ ಈ ತರಬೇತಿಯ ಸರ್ಟಿಫಿಕೇಟ್ ಕಡ್ಡಾಯ, ಆ ಪಟ್ಟಿಯಲ್ಲಿ ನನ್ನದೇ ಮೊದಲ ಹೆಸರು.

ಗುರುತಿಸಿ ನೋಡೋಣ

ಮೊದಲ ಪಾಠ ‘ಕಣ್ಣು ಕಾಣದ ಮಗುವನ್ನು ಅರಿಯೋಣ’. ಖುಷಿಯಿಂದ ಕೂತೆ. ಕಂಪ್ಯೂಟರ್ ಓದಿತು: “ಚಿತ್ರ. ಚಿತ್ರ. ಚಿತ್ರ. ಬಟನ್.” ಮುಂದಿನ ಪುಟ: “ಚಿತ್ರ. ಚಿತ್ರ. ಬಟನ್.” ಹನ್ನೊಂದು ಪುಟವೂ ಇದೇ. ಅಂದವಾಗಿ ಕಾಣಲಿ ಅಂತ ಪಾಠವನ್ನೆಲ್ಲ ಚಿತ್ರದೊಳಗೇ ಬರೆದಿದ್ದರು. ಹನ್ನೆರಡನೇ ಪುಟದ ಪ್ರಶ್ನೆ ಮಾತ್ರ ಅಕ್ಷರದಲ್ಲಿತ್ತು: “ಕೆಳಗಿನ ಮೂರು ಚಿತ್ರಗಳಲ್ಲಿ ಕಣ್ಣು ಕಾಣದವರು ಯಾರು? ಗುರುತಿಸಿ.”

ಸಾಹೇಬರಿಗೆ ಫೋನ್ ಮಾಡಿದೆ. “ಪ್ರತಿ ಚಿತ್ರಕ್ಕೂ ಒಂದು ಸಾಲು ವಿವರಣೆ ಬರೆಸಿ ಸಾರ್. ಕಂಪ್ಯೂಟರ್ ಅದನ್ನ ಓದುತ್ತೆ.”

“ಬರೆಸೋಣ ಮೇಷ್ಟ್ರೇ. ಅಲ್ಲೀತನಕ ಮನೇಲಿ ಯಾರಿಗಾದ್ರೂ ತೋರಿಸಿ ಕೇಳಿ.”

ವಾರದ ಮೇಲೆ ವಿವರಣೆ ಬಂತು. ಚಿತ್ರ ಒಂದು: “ಚಿತ್ರ.” ಚಿತ್ರ ಎರಡು: “ಚಿತ್ರ.” ಚಿತ್ರ ಮೂರು: “ಸುಂದರವಾದ ಚಿತ್ರ.” ಇಷ್ಟು ಶ್ರಮ ಪಟ್ಟಿದ್ದಾರಲ್ಲ ಅಂತ ಮೂರನೆಯದನ್ನೇ ಒತ್ತಿದೆ. ತಪ್ಪು ಅಂತು. ನಲವತ್ತೆಂಟು ವರ್ಷ ಕುರುಡನಾಗಿ ಬಾಳಿದವನಿಗೆ, ಕುರುಡ ಯಾರೆಂದು ಗೊತ್ತಿಲ್ಲವೆಂದು ಸೊನ್ನೆ ಅಂಕ.

ಆವಾಜ್ ಡಬಲ್

ಡ್ರಾಯಿಂಗ್ ಮೇಡಂ ಹತ್ತಿರ ನಾನು ಹೇಗೆ ಮಾತಾಡುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ನಾನು ಆಡಿದ್ದನ್ನು ಅವರ ಫೋನು ಅಕ್ಷರ ಮಾಡಿ ತೋರಿಸುತ್ತದೆ, ಅವರು ಒತ್ತಿದ್ದನ್ನು ನನ್ನ ಫೋನು ಓದುತ್ತದೆ. ಆ ಎರಡು ಫೋನಿಗಿರುವಷ್ಟು ಬುದ್ಧಿ ಇಡೀ ತರಬೇತಿ ಕಚೇರಿಗಿಲ್ಲ.

ಪಾಠದ ವಿಡಿಯೋದಲ್ಲಿ ಮಾತಿತ್ತು, ಕೆಳಗೆ ಅಕ್ಷರ ಇರಲಿಲ್ಲ. ಮೇಡಂ ದೂರು ಬರೆದರು: “ವಿಡಿಯೋ ನನಗೆ ಕೇಳಿಸುವುದಿಲ್ಲ.”

ಮಾರನೇ ದಿನ ಶಿರಾದ ಕಂಪ್ಯೂಟರ್ ರಿಪೇರಿಯವನು ಅವರ ಶಾಲೆಗೇ ಬಂದ. “ಟೆನ್ಷನ್ ಬ್ಯಾಡ ಮೇಡಂ, ಆವಾಜ್ ಡಬಲ್ ಮಾಡ್ಸೀವ್ನಿ. ಈಗ ನೋಡ್ರಿ!” ಅಂತ ಹೊಸ ಸ್ಪೀಕರ್ ಇಟ್ಟು ಹೋದ. ಮೇಡಂಗೆ ಕೇಳಿಸಲಿಲ್ಲ. ಪಕ್ಕದ ಕ್ಲಾಸಿನ ಟೀಚರ್ ಬಂದು ಜಗಳ ತೆಗೆದರು.

ಇನ್ನೊಂದು ದೂರು ಹೋದ ಮೇಲೆ ಅಕ್ಷರ ಬಂತು. ಅದನ್ನು ಮನುಷ್ಯರು ಬರೆದಿರಲಿಲ್ಲ, ಯಂತ್ರ ಕೇಳಿಸಿಕೊಂಡು ಬರೆದಿತ್ತು. ‘ಮಕ್ಕಳ ಕಲಿಕೆಗೆ ಪೋಷಕರು ಕೈಜೋಡಿಸಬೇಕು’ ಅನ್ನುವುದು ‘ಮಕ್ಕಳ ಕೊಲೆಗೆ ಪೋಷಕರು ಕೈಜೋಡಿಸಬೇಕು’ ಅಂತಾಗಿತ್ತು. ನಾನು ಸಾಹೇಬರಿಗೆ ಹೇಳಿದರೆ, “ಒಂದೆರಡಕ್ಷರ ತಾನೆ, ಅಡ್ಜಸ್ಟ್ ಮಾಡ್ಕೊಳ್ಳೋಕೆ ಹೇಳಿ” ಅಂದರು.

ಸಂಜೆ ಮೇಡಂ ಮೆಸೇಜು ನನ್ನ ಫೋನಿನಲ್ಲಿ ಮಾತಾಡಿತು: “ಮೇಷ್ಟ್ರೇ, ಶುಕ್ರವಾರ ಪೋಷಕರ ಸಭೆ ಇದೆ. ಈ ವಿಷಯ ನಾನೇ ಹೇಳಬೇಕಾ, ಹೆಡ್ ಮಾಸ್ಟರ್ ಹೇಳ್ತಾರಾ?”

ಮೂಲೆಯ ಚೌಕ

ಇದರಿಂದ ಸಾಹೇಬರಿಗೂ ಸ್ವಲ್ಪ ನಾಚಿಕೆಯಾಗಿರಬೇಕು. ಕೊರಟಗೆರೆಯಿಂದ ಸನ್ನೆ ಭಾಷೆ ಬಲ್ಲ ಒಬ್ಬ ಹೆಣ್ಣುಮಗಳನ್ನು ಕರೆಸಿದರು. ಪಾಪ, ಆಕೆ ನಾಲ್ಕು ದಿನ ಬಸ್ಸಿನಲ್ಲಿ ಬಂದು ಹೋಗಿ, ಎಲ್ಲ ಪಾಠವನ್ನೂ ಕೈಯಲ್ಲಿ ಹೇಳಿ ವಿಡಿಯೋ ಮಾಡಿಸಿಕೊಟ್ಟಳು. ಪರದೆಯ ಬಲಮೂಲೆಯ ಚೌಕದಲ್ಲಿ ಆಕೆಯನ್ನು ಕೂರಿಸಿದರು. ಮೇಡಂ ಖುಷಿಯಿಂದ ನನಗೆ ಸಿಹಿ ತಿನ್ನಿಸಿದರು.

ಬಿಡುಗಡೆಯ ಹಿಂದಿನ ದಿನ ಯಾರಿಗೋ ಹೊಳೆಯಿತು, ಸಾಹೇಬರ ಫೋಟೋನೇ ಇಲ್ಲವಲ್ಲ ಅಂತ. ಖಾಲಿ ಜಾಗ ಹುಡುಕಿದರು. ಬಲಮೂಲೆ ಸಿಕ್ಕಿತು.

ಪಾಠ ನೋಡಿದ ಮೇಡಂ ಬರೆದರು: “ಸಾಹೇಬರು ನಗ್ತಾ ಕೂತಿದ್ದಾರೆ. ಅವರ ತಲೆಯ ಹಿಂದಿನಿಂದ ಆಗಾಗ ಒಂದು ಮೊಣಕೈ ಬರುತ್ತೆ, ಹೋಗುತ್ತೆ. ಯಾರೋ ಹೇನು ತೆಗೀತಿದ್ದಾರಾ?”

ಮೇಲೆ ಬನ್ನಿ

ತರಬೇತಿಯ ಉದ್ಘಾಟನೆ ಪಾವಗಡದಲ್ಲಿ. ಆನ್‌ಲೈನ್ ತರಬೇತಿಯ ಉದ್ಘಾಟನೆಗೆ ಎಲ್ಲರೂ ಖುದ್ದಾಗಿ ಬರಬೇಕೆಂದು ಆಜ್ಞೆ. ಸಭಾಂಗಣ ಮಹಡಿಯ ಮೇಲೆ, ಲಿಫ್ಟ್ ಇಲ್ಲ. ಇಪ್ಪತ್ತೆರಡು ಮೆಟ್ಟಿಲು, ನನ್ನ ಕೋಲಿನಿಂದ ಎಣಿಸಿದ್ದೇನೆ. ಅವತ್ತಿನ ಭಾಷಣದ ವಿಷಯ ‘ಅಡೆತಡೆಯಿಲ್ಲದ ಕಲಿಕೆ’.

ಲೆಕ್ಕದ ಮೇಷ್ಟ್ರು ಕೆಳಗೇ ಕುರ್ಚಿ ನಿಲ್ಲಿಸಿಕೊಂಡಿದ್ದರು. ಜವಾನ ಬಂದ. “ಬುಡಿ ಸಾ, ನಾನೂ ಡ್ರೈವರ್ರೂ ಕುರ್ಚಿ ಸಮೇತ ಎತ್ಕೊಂಡೋಗ್ಬುಡ್ತೀವಿ. ಅದೇನ್ ಮಹಾ ಭಾರ!”

“ಏಮಯ್ಯಾ, ನಾನೇನು ಕಡ್ಲೆಕಾಯಿ ಮೂಟೆನಾ?” ಅಂದರು ಮೇಷ್ಟ್ರು. ಸಿಟ್ಟು ಬಂದರೆ ಅವರ ಕನ್ನಡದೊಳಗೆ ಪಾವಗಡದ ತೆಲುಗು ನುಗ್ಗುತ್ತದೆ. “ಪೋಯಿನ ಸಲ ಇಂಗೇ ಎತ್ತಿ, ನಡುವೆ ಇಳ್ಸಿ ಬೀಡಿ ಸೇದಿದ್ರು. ನಾನು ಬರಲ್ಲ.”

ಮೇಲಿನಿಂದ ಸಾಹೇಬರ ದನಿ: “ಮೇಷ್ಟ್ರೇ, ಬೇಗ ಬನ್ನಿ! ನಿಮ್ಮ ವಿಷಯಾನೇ ಮಾತಾಡ್ತಾ ಇರೋದು!”

“ಫೋನಿನಲ್ಲಿ ಲಿಂಕ್ ಕಳ್ಸಿ ಸಾರ್, ಇಲ್ಲಿಂದ್ಲೇ ನೋಡ್ತೀನಿ.”

“ಲಿಂಕಾ? ಇದು ಆಫ್‌ಲೈನ್ ಕಾರ್ಯಕ್ರಮ ಕಣ್ರೀ!”

ನನಗೂ ಮೇಲೆ ಹೋಗುವ ಮನಸ್ಸಾಗಲಿಲ್ಲ. ಇಬ್ಬರೂ ಮೆಟ್ಟಿಲ ಬುಡದಲ್ಲಿ ಟೀ ಕುಡಿಯುತ್ತ, ಅಡೆತಡೆಗಳನ್ನು ಹೇಗೆ ದಾಟಬೇಕೆಂದು ಸಾಹೇಬರು ಮೈಕಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡೆವು. ಹಾಜರಿ ಪುಸ್ತಕದಲ್ಲಿ ನಮ್ಮಿಬ್ಬರ ಹೆಸರಿನ ಮುಂದೆ ಬರೆದರು: “ಗೈರುಹಾಜರು. ಕಾರಣ: ಆಸಕ್ತಿ ಇಲ್ಲ.”

ಅಕ್ಕಪಕ್ಕ ನೋಡಿದ ಆರೋಪ

ಕೊನೆಗೆ ಪರೀಕ್ಷೆ. ಮನೆಯಲ್ಲೇ ಬರೆಯಬಹುದು, ಆದರೆ ಕ್ಯಾಮೆರಾ ನಮ್ಮನ್ನು ಕಾಯುತ್ತಿರುತ್ತದೆ. ಪ್ರಶ್ನೆ ಸರಿಯಾಗಿ ಕೇಳಲಿ ಅಂತ ನಾನು ಕಿವಿಯನ್ನು ಸ್ಪೀಕರ್ ಕಡೆ ತಿರುಗಿಸಿದೆ. “ದಯವಿಟ್ಟು ಪರದೆಯನ್ನು ನೋಡಿ” ಅಂತು. ಮುಖ ನೆಟ್ಟಗೆ ಮಾಡಿದೆ. “ದಯವಿಟ್ಟು ಪರದೆಯನ್ನು ನೋಡಿ.” ಮೂರನೇ ಸಲ ಪರೀಕ್ಷೆಯೇ ನಿಂತುಹೋಯಿತು.

ನಾಲ್ಕು ದಿನಕ್ಕೆ ನೋಟಿಸು ಬಂತು. ಹೆಂಡತಿ ಓದಿದಳು: “ಪರೀಕ್ಷೆಯ ವೇಳೆ ತಾವು ಪರದೆಯನ್ನು ನೋಡದೆ ಪದೇಪದೇ ಅಕ್ಕಪಕ್ಕ ನೋಡುತ್ತಿದ್ದುದು ಕಂಡುಬಂದಿದ್ದು, ನಕಲು ಮಾಡಿರುವ ಅನುಮಾನವಿದೆ. ಏಳು ದಿನದೊಳಗೆ ಕಾರಣ ತಿಳಿಸತಕ್ಕದ್ದು.” ಓದಿ ಮುಗಿಸಿ, “ಯಾರನ್ನ ನೋಡ್ತಿದ್ರಿ ನಿಜ ಹೇಳಿ” ಅಂದಳು.

ನಗು ಬಂತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ಬಡ್ತಿ ಪಟ್ಟಿ ಆ ತಿಂಗಳೇ ಅಂತಿಮವಾಗುವುದಿತ್ತು. ನಕಲು ಹೊಡೆದವನು ಅನ್ನಿಸಿಕೊಂಡು ಮಕ್ಕಳ ಮುಂದೆ ನಿಲ್ಲುವುದು ಹೇಗೆ? ಕಚೇರಿಗೆ ಹೋದೆ.

“ನಿಮಗೆ ಕಣ್ಣು ಕಾಣಲ್ಲ ಅಂತ ನನಗೆ ಗೊತ್ತು ಮೇಷ್ಟ್ರೇ,” ಅಂದರು ಸಾಹೇಬರು. “ಕಂಪ್ಯೂಟರಿಗೆ ಗೊತ್ತಾ? ಅದು ಅಷ್ಟು ಮರ್ಯಾದೆಯಾಗಿ ಕೇಳಿದಾಗ ನೀವೂ ಒಂದು ಸಲ ನೋಡಿಬಿಟ್ಟಿದ್ರೆ ಮುಗೀತಿತ್ತಲ್ಲ!”

ಅಲ್ಲೇ ಕೂತು ಉತ್ತರ ಬರೆಸಿದೆ: “ನಾನು ಹುಟ್ಟಿದಂದಿನಿಂದ ಯಾವ ಕಡೆಯೂ ನೋಡಿಲ್ಲ. ಅಕ್ಕಪಕ್ಕ ನೋಡಿದ್ದು ಸಾಬೀತಾದರೆ ದಯವಿಟ್ಟು ನನ್ನ ಡಾಕ್ಟರಿಗೂ ಒಂದು ಪ್ರತಿ ಕಳಿಸಿ.” ಜೊತೆಗೆ ಅಂಗವಿಕಲ ಪ್ರಮಾಣಪತ್ರ ಲಗತ್ತಿಸಿದೆ.

ಕಡೆಗೆ ಒಬ್ಬ ಗುಮಾಸ್ತರು ಎದುರು ಕೂತು ಪ್ರಶ್ನೆ ಓದಿದರು, ನಾನು ಬಾಯಲ್ಲಿ ಉತ್ತರ ಹೇಳಿದೆ. ಅರ್ಧ ಗಂಟೆಯಲ್ಲಿ ಪಾಸಾದೆ. ಬಡ್ತಿಯೂ ಆಯಿತು, ಈಗ ಐ.ಡಿ.ಹಳ್ಳಿ ಕಡೆ ಒಂದು ಶಾಲೆಗೆ ಹೆಡ್ ಮಾಸ್ಟರ್. ನೋಟಿಸಿನ ಫೈಲು ಮುಚ್ಚಿದ ಆದೇಶವನ್ನು ಕಟ್ಟು ಹಾಕಿಸಿ ನನ್ನ ಕುರ್ಚಿಯ ಹಿಂದೆ ನೇತುಹಾಕಿಸಿದ್ದೇನೆ. ಬಂದವರೆಲ್ಲ ನನಗೆ ಓದಿ ಹೇಳುತ್ತಾರೆ:

“ಸದರಿ ಶಿಕ್ಷಕರ ವಿವರಣೆಯನ್ನು ಪರಿಶೀಲಿಸಲಾಗಿದೆ. ಅವರಿಗೆ ಕಣ್ಣು ಕಾಣದಿರುವುದು ಇದೇ ಮೊದಲ ಬಾರಿಯಾದ್ದರಿಂದ ಮನ್ನಿಸಲಾಗಿದ್ದು, ಮುಂದೆ ಮರುಕಳಿಸಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.”