ಸ್ಪ್ರಿಂಗಣ್ಣನ ಆರೋಗ್ಯವಂತ ರೆಪ್ಪೆಗಳು

ವಿಜ್ಞಾನಕ್ಕೆ ತನ್ನಿಂದ ಒಂದು ಕೊಡುಗೆ ಸಲ್ಲಲೇಬೇಕು ಎಂದು ಸ್ಪ್ರಿಂಗಣ್ಣ ಶಪಥ ಮಾಡಿದ್ದು ಒಂದು ಭಾನುವಾರ, ಊಟದ ಮೇಜಿನ ಮುಂದೆ, ಇನ್ನೂ ಕೈ ತೊಳೆಯುವುದಕ್ಕೆ ಮೊದಲೇ.

ಸ್ಪ್ರಿಂಗಣ್ಣ ಹಾಸಿಗೆ ಅಂಗಡಿಯ ಸೇಲ್ಸ್‌ಮನ್. ಸ್ಪ್ರಿಂಗ್ ಹಾಸಿಗೆಯ ಗುಣಗಾನವನ್ನು ಅವನಷ್ಟು ಭಕ್ತಿಯಿಂದ ಮಾಡುವವರು ಆ ಬೀದಿಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಗಿರಾಕಿಗಳೇ ಇಟ್ಟ ಹೆಸರು ಅದು. ಅವತ್ತು ಊಟಕ್ಕೆ ಬಂದಿದ್ದವಳು ಅವನ ನಾದಿನಿ, ಹೆಂಡತಿಯ ತಂಗಿ. ಕಣ್ಣಿನ ಆಸ್ಪತ್ರೆಯಲ್ಲಿ ಸರ್ಜನ್. ಜೋತುಬಿದ್ದ ರೆಪ್ಪೆಗಳನ್ನು ಆಪರೇಷನ್ ಮಾಡಿ ಮೇಲೆತ್ತುವುದು ಅವಳ ಕೆಲಸ. ಆ ರೆಪ್ಪೆಗಳ ಮೇಲೆ ಸಂಶೋಧನೆಯನ್ನೂ ನಡೆಸುತ್ತಿದ್ದಳು.

"ರೋಗಿಗಳು ಬೇಕಾದಷ್ಟು ಜನ ಸಿಕ್ಕಿದ್ದಾರೆ. ಹೋಲಿಸಿ ನೋಡೋಕೆ ಆರೋಗ್ಯವಾಗಿರೋ ರೆಪ್ಪೆಯವರೇ ಸಿಗ್ತಿಲ್ಲ," ಎಂದು ಅವಳು ಪೇಚಾಡಿಕೊಂಡಳು.

ಸ್ಪ್ರಿಂಗಣ್ಣ ಎದೆ ಸೆಟೆಸಿದ. "ಎದುರಿಗೇ ಕೂತಿದ್ದೀನಲ್ಲಮ್ಮ! ಕೂದಲು ಹೋಯ್ತು, ಒಪ್ಕೊಂಡೆ. ಹಲ್ಲು ಅರ್ಧ ಕಟ್ಟಿಸಿದ್ದು. ಮೆಟ್ಟಿಲು ಕಂಡ್ರೆ ಮೊಣಕಾಲು ಅಳುತ್ತೆ. ಆದ್ರೆ ರೆಪ್ಪೆ? ಹುಟ್ಟಿದಾಗಿಂದ ಒಂದು ದಿನ ರಜಾ ಹಾಕಿಲ್ಲ! ನನ್ನ ರೆಪ್ಪೆಗಳನ್ನ ಕಣ್ಣು ಮುಚ್ಕೊಂಡು ನಂಬಬಹುದು!"

"ಮುಚ್ಚಿರೋ ಕಣ್ಣನ್ನ ನಂಬೋದೇ ಕಷ್ಟ," ಎಂದಳು ಹೆಂಡತಿ. "ನಾನು ಬಾಯಿ ತೆರೆದ್ರೆ ಸಾಕು, ಇವರ ರೆಪ್ಪೆ ಅಂಗಡಿ ಬಾಗಿಲು ಎಳೆದುಬಿಡುತ್ತೆ."

"ಅದು ನಿದ್ದೆ ಅಲ್ಲ ಕಣೇ, ಏಕಾಗ್ರತೆ!"

ಮದುವೆಯಾದ ವರ್ಷದಿಂದ ನಡೆದುಬಂದ ವ್ಯಾಜ್ಯವಿದು. ಹೆಂಡತಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುವವಳು. ಅವಳು ಹೇಳಿ ಮುಗಿಸುತ್ತಿದ್ದ ಹಾಗೆ ಜನ ಕಿಟಕಿಗೆ ಬಂದು "ಮೇಡಂ, ನಮ್ಮ ಬಸ್ಸು ಎಲ್ಲಿ?" ಎಂದು ಕೇಳುತ್ತಾರೆ. ದಿನವಿಡೀ ಹೀಗೆ ಗಾಳಿಗೆ ಮಾತಾಡಿ ಮನೆಗೆ ಬಂದರೆ, ಇಲ್ಲೊಬ್ಬ ಪ್ರಯಾಣಿಕ ಸೋಫಾದ ಮೇಲೆ ಅರೆಗಣ್ಣು ಮುಚ್ಚಿ ಕೂತಿರುತ್ತಿದ್ದ. ಅವಳಿಗೆ ಸಿಟ್ಟು ಬರುವುದರಲ್ಲಿ ತಪ್ಪೇನಿತ್ತು?

ಸೋಮವಾರ ಬೆಳಿಗ್ಗೆ ಸ್ಪ್ರಿಂಗಣ್ಣ ಆಸ್ಪತ್ರೆಗೆ ಹೋದ. ನಾದಿನಿ ರೆಪ್ಪೆ ಅಳೆದು, ಸರಿಯಾಗಿದೆ ಎಂದು ಬರೆದುಕೊಂಡು, ಅವನಿಗೆ ಗಾಜಿಲ್ಲದ ಒಂದು ಕನ್ನಡಕ ತೊಡಿಸಿದಳು. ಫ್ರೇಮಿನ ಅಂಚಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ಯಂತ್ರ.

"ಭಾವ, ಗಮನ ಕೊಟ್ಟು ಕೇಳಿ. ರೆಪ್ಪೆ ಎಷ್ಟು ತೆರೆದಿದೆ ಅನ್ನೋದನ್ನ ಇದು ಗುರುತು ಹಾಕ್ಕೊಳ್ಳುತ್ತೆ. ಮಲಗೋವಾಗ, ಸ್ನಾನ ಮಾಡೋವಾಗ ಬಿಟ್ರೆ ತೆಗೀಬೇಡಿ. ಇನ್ನು ಬೀಪ್ ಅಂತ ಸದ್ದು ಬಂದ್ರೆ..."

ಅಷ್ಟರಲ್ಲಿ ಸ್ಪ್ರಿಂಗಣ್ಣನಿಗೆ ಗೋಡೆಯ ಕನ್ನಡಿ ಕಂಡಿತು. ಕನ್ನಡಿಯಲ್ಲಿ ಒಬ್ಬ ವಿಜ್ಞಾನಿ ಕಂಡ. ಸಾಕ್ಷಾತ್ ಅವನೇ! ಮುಖವನ್ನು ಎಡಕ್ಕೆ ತಿರುಗಿಸಿ ನೋಡಿದ, ಬಲಕ್ಕೆ ತಿರುಗಿಸಿ ನೋಡಿದ.

"...ಅರ್ಥ ಆಯ್ತಾ ಭಾವ?"

"ನೀರು ಕುಡಿದಷ್ಟು ಸುಲಭ!" ಎಂದ ಸ್ಪ್ರಿಂಗಣ್ಣ.

ಹಗಲೆಲ್ಲ ಯಂತ್ರ ಮಾತಾಡಲಿಲ್ಲ. ಸಂಜೆ ಮನೆಯಲ್ಲಿ ಹೆಂಡತಿ ಎದುರಿಗೆ ಕೂತು, ತಪ್ಪು ಬಸ್ಸು ಹತ್ತಿದ ಒಬ್ಬ ಪ್ರಯಾಣಿಕನ ಕಥೆ ಹೇಳತೊಡಗಿದಳು. ಕಥೆಯ ಬಸ್ಸು ಇನ್ನೂ ಹೊರಟಿರಲಿಲ್ಲ.

ಬೀಪ್!

"ಫ್ರಿಜ್ಜು!" ಎನ್ನುತ್ತಾ ಅತ್ತೆ ಅಡುಗೆಮನೆಯಿಂದ ಓಡಿಬಂದರು. ಮಗಳ ಮನೆಗೆ ಬಂದು ಒಂದು ತಿಂಗಳಾಗಿದ್ದರೂ ಆ ಫ್ರಿಜ್ಜಿನ ಮೇಲೆ ಅವರಿಗೆ ನಂಬಿಕೆ ಹುಟ್ಟಿರಲಿಲ್ಲ. ಪ್ಲಗ್ಗು ಕಿತ್ತರು. ಬೀಪ್! ಟಿವಿಯ ಪ್ಲಗ್ಗು ಕಿತ್ತರು. ಬೀಪ್! ಗೋಡೆ ಗಡಿಯಾರ ಇಳಿಸಿ ಅದರ ಸೆಲ್ಲು ತೆಗೆದರು. ಬೀಪ್ ಬೀಪ್!

"ಅಮ್ಮಾ, ಸದ್ದು ಬರ್ತಿರೋದು ಇವರ ಮುಖದಿಂದ!" ಎಂದಳು ಹೆಂಡತಿ. "ರೀ, ಏನ್ರೀ ಅದು? ಯಾಕೆ ಕೂಗ್ತಿದೆ?"

ಯಾಕೆ ಎಂದು ಸ್ಪ್ರಿಂಗಣ್ಣನಿಗೆ ಗೊತ್ತಿದ್ದರೆ ತಾನೆ! ಕೇಳಿಸಿಕೊಳ್ಳಲಿಲ್ಲ ಎಂದರೆ ಮಾನ ಹೋಗುತ್ತದೆ. "ಅದಾ? ರೆಪ್ಪೆ ಚೆನ್ನಾಗಿ ಕೆಲಸ ಮಾಡ್ತಿದ್ರೆ ಶಭಾಷ್ ಅನ್ನುತ್ತೆ," ಎಂದ.

ಬೀಪ್!

ಹೆಂಡತಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನಾನು ಹೇಳಿದ ಕಥೆ ಕೇಳ್ತಿದ್ರಾ?"

"ಒಂದಕ್ಷರ ಬಿಡದೆ!"

ಬೀಪ್!

"ಇವತ್ತಿನ ಸಾರು ಹೇಗಿತ್ತು?"

"ಅಮೃತ!"

ಬೀಪ್ ಬೀಪ್!

"ಅಮ್ಮ ಇಲ್ಲಿರೋದು ನಿಮಗೆ ಸಂತೋಷ ತಾನೆ?"

"ಅತ್ತೆ ಅಂದ್ರೆ ನನಗೆ ತಾಯಿ ಸಮಾನ!"

ಯಂತ್ರ ಉಸಿರೂ ತೆಗೆದುಕೊಳ್ಳದೆ ಅರಚಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅರ್ಥ ಆಯ್ತು," ಎಂದಳು ಹೆಂಡತಿ, ಹಲ್ಲು ಕಚ್ಚಿ. "ಸುಳ್ಳು ಹೇಳಿದ್ರೆ ಕೂಗೋ ಯಂತ್ರ ಇದು. ನನ್ನ ತಂಗಿ ಬುದ್ಧಿವಂತೆ!"

"ಅಲ್ಲ ಕಣೇ! ಬೇಕಾದ್ರೆ ನಿಜ ಹೇಳ್ತೀನಿ, ನೋಡು. ಇವತ್ತು ಸೋಮವಾರ!"

ಬೀಪ್!

ಮೂವರೂ ಬೆಪ್ಪಾಗಿ ನಿಂತರು. ಅತ್ತೆ ಮೆಲ್ಲಗೆ ಕ್ಯಾಲೆಂಡರಿನ ಹತ್ತಿರ ಹೋಗಿ ನೋಡಿ ಬಂದರು. "ಸೋಮವಾರ ಅಂತಲೇ ಇದೆ," ಎಂದರು. ಆದರೆ ಅವರ ದನಿಯಲ್ಲಿ ಮೊದಲಿನ ಧೈರ್ಯವಿರಲಿಲ್ಲ.

ನಾದಿನಿಗೆ ಫೋನ್ ಮಾಡಿ ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ "ನೀರು ಕುಡಿದಷ್ಟು ಸುಲಭ" ಎಂದು ಬಂದವನು ಯಾವ ಮುಖ ಇಟ್ಟುಕೊಂಡು ಕೇಳುವುದು? ಸ್ಪ್ರಿಂಗಣ್ಣ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಂತ ಸಂಶೋಧನೆ ಶುರುಮಾಡಿದ. ಮೂಗು ಹಿಂಡಿದ, ಬೀಪ್. ನಾಲಿಗೆ ಚಾಚಿದ, ಬೀಪ್. ಹುಬ್ಬು ಮೇಲೇರಿಸಿದ. ಸದ್ದಿಲ್ಲ! ಹುಬ್ಬು ಇಳಿಸಿದರೆ ಬೀಪ್. ಏರಿಸಿದರೆ ಮೌನ. ಹುಬ್ಬಿಗೂ ಸತ್ಯಕ್ಕೂ ಏನು ಸಂಬಂಧ? ತಲೆಬುಡ ತಿಳಿಯಲಿಲ್ಲ. ಉಪಾಯವೇನೋ ಸಿಕ್ಕಿತಲ್ಲ!

ಮಂಗಳವಾರ ಅಂಗಡಿಯಲ್ಲಿ ಸಂಜೆ ಹೊತ್ತಿಗೆ ಬೀಪ್ ಮತ್ತೆ ಶುರುವಾಯಿತು. ಸ್ಪ್ರಿಂಗಣ್ಣ ಕೂಡಲೇ ಎರಡೂ ಹುಬ್ಬುಗಳನ್ನು ಹಣೆಯ ನಡುಮಧ್ಯಕ್ಕೆ ಏರಿಸಿ ನಿಲ್ಲಿಸಿಕೊಂಡ. ಹೊಸದಾಗಿ ಮದುವೆಯಾದ ಜೋಡಿಯೊಂದು ಒಳಗೆ ಬಂತು. ಗಂಡ ಒಂದು ಹಾಸಿಗೆ ಮುಟ್ಟಿ ಬೆಲೆ ಕೇಳಿದ. ಸ್ಪ್ರಿಂಗಣ್ಣ ಹೇಳಿದ.

"ಬೆಲೆ ಹೇಳಿ ನೀವೇ ಹುಬ್ಬೇರಿಸ್ತಿದ್ದೀರಲ್ಲ ಸಾರ್! ಅಷ್ಟು ಜಾಸ್ತೀನಾ?"

"ಇಲ್ಲ ಇಲ್ಲ, ಬಹಳ ಕಡಿಮೆ!"

"ಹಾಗಾದ್ರೆ ಯಾಕೆ ಹಾಗೆ ನೋಡ್ತೀರಿ? ಹಾಸಿಗೇಲಿ ಏನಾದ್ರೂ ಇದೆಯಾ?" ಎಂದಳು ಹುಡುಗಿ, ಗಂಡನ ತೋಳು ಹಿಡಿದುಕೊಂಡು.

ಹಣೆ ಸಿಡಿಯುತ್ತಿತ್ತು. ಇನ್ನು ತಡೆಯಲಾಗದೆ ಸ್ಪ್ರಿಂಗಣ್ಣ ಹಳೆಯ ವರಸೆಗೆ ಇಳಿದ. "ಮಾತು ಯಾಕೆ ಮೇಡಂ? ಮಲಗಿ ತೋರಿಸ್ತೀನಿ!" ಎಂದು ಅಂಗಡಿಯ ಅತಿ ದುಬಾರಿ ಹಾಸಿಗೆಯ ಮೇಲೆ ಅಂಗಾತ ಬಿದ್ದ. ಬೆನ್ನು ಸಡಿಲವಾಯಿತು. ಹುಬ್ಬೂ ಸಡಿಲವಾಯಿತು.

ಬೀಪ್! ಬೀಪ್! ಬೀಪ್!

"ರೀ, ಹಾಸಿಗೆ ಕೂಗ್ತಿದೆ!" ಎಂದು ಹುಡುಗಿ ಕಿರುಚಿದಳು. ಜೋಡಿ ಚಪ್ಪಲಿಯ ಸದ್ದನ್ನಷ್ಟೇ ಬಿಟ್ಟು ಮಾಯವಾಯಿತು.

ಒಳಗಿನಿಂದ ಅಂಗಡಿಯ ಯಜಮಾನ ಧಾವಿಸಿ ಬಂದ. "ಏಳಯ್ಯಾ! ಒಳಗೆ ಏನೋ ಸಿಕ್ಕಿಹಾಕ್ಕೊಂಡಿದೆ!"

"ಸಾರ್, ಅದು ಹಾಸಿಗೆ ಅಲ್ಲ, ನನ್ನ ರೆಪ್ಪೆ..."

"ರೆಪ್ಪೆ ಎಲ್ಲಾದ್ರೂ ಕೂಗುತ್ತೇನಯ್ಯಾ? ನಿದ್ದೆಗಣ್ಣಲ್ಲಿ ಬಡಬಡಿಸ್ಬೇಡ!" ಎನ್ನುತ್ತಾ ಯಜಮಾನ ಕತ್ತರಿ ತಂದು ಹಾಸಿಗೆಯ ಹೊಲಿಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸೀಳಿದ. ಸ್ಪ್ರಿಂಗೊಂದು ಟಣ್ಣನೆ ಎಗರಿ ಅವನ ಮೂಗಿಗೆ ನಮಸ್ಕಾರ ಮಾಡಿತು. ಹತ್ತಿ, ಸ್ಪಂಜು, ಸ್ಪ್ರಿಂಗು ಎಲ್ಲ ಹೊರಗೆ ಬಂತು. ಸದ್ದು ಮಾತ್ರ ಸಿಗಲಿಲ್ಲ. ಯಜಮಾನ ಬೆವರೊರೆಸುತ್ತ ತಲೆಯೆತ್ತಿದಾಗ ಸ್ಪ್ರಿಂಗಣ್ಣ ಎದುರಿಗೆ ನಿಂತಿದ್ದ, ಕೈಕಟ್ಟಿ, ಅರೆಗಣ್ಣು ಮುಚ್ಚಿ.

ಬೀಪ್!

"ನಿಂತಲ್ಲೇ ನಿದ್ದೆ ಹೊಡೀತೀಯಾ? ಹೋಗು, ಮನೆಗೆ ಹೋಗಿ ಮಲಕ್ಕೋ! ನಾಳೆಯಿಂದ ಬರಬೇಡ!"

ಸ್ಪ್ರಿಂಗಣ್ಣ ಬೀದಿಗೆ ಬಂದ. ಇಷ್ಟು ವರ್ಷ ಬೇರೆಯವರಿಗೆ ನೆಮ್ಮದಿಯ ನಿದ್ದೆ ಮಾರಿ ಬದುಕಿದವನು. ಬೇರೆ ಕೆಲಸ ಅವನಿಗೆ ಬರುತ್ತಲೂ ಇರಲಿಲ್ಲ. ತಾನು ನಿಜವಾಗಿಯೂ ನಿಂತಲ್ಲೇ ನಿದ್ದೆ ಹೋಗುವುದುಂಟೋ? ಹೋಗುವುದು ತನಗೇ ಗೊತ್ತಾಗುವುದಿಲ್ಲವೋ? ಹೆಂಡತಿ ಹೇಳುವುದು ನಿಜವೋ, ಯಂತ್ರ ಹೇಳುವುದು ನಿಜವೋ, ಮಂಗಳವಾರವಾದರೂ ನಿಜವೋ? ತಲೆ ಗಿರ್ರೆಂದಿತು. ಬಸ್ ನಿಲ್ದಾಣಕ್ಕೆ ಹೋಗಿ ಹೆಂಡತಿಯ ಕಿಟಕಿಯ ಮುಂದೆ ನಿಂತ.

"ಕೆಲಸ ಹೋಯ್ತು ಕಣೇ," ಎಂದ.

ಅವಳು ಬಯ್ಯಲು ಬಾಯಿ ತೆರೆದವಳು ಅವನ ಮುಖ ನೋಡಿ ಮೈಕನ್ನು ಪಕ್ಕದವಳಿಗೆ ಒಪ್ಪಿಸಿ ಚೀಲ ಹೆಗಲಿಗೇರಿಸಿದಳು. "ನಡೀರಿ, ಆಸ್ಪತ್ರೆಗೆ ಹೋಗಿ ತಂಗೀನೇ ಕೇಳೋಣ."

ನಾದಿನಿ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿದಳು. ಪರದೆಯ ಮೇಲೆ ಬೆಳಿಗ್ಗೆ ಎತ್ತರದಲ್ಲಿದ್ದ ಗೆರೆ ಸಂಜೆ ಹೊತ್ತಿಗೆ ಇಳಿಜಾರು ಹಿಡಿದಿತ್ತು.

"ಭಾವ, ಬೀಪ್ ಬಂದ್ರೆ ಏನರ್ಥ ಅಂತ ಹೇಳಿದ್ದೆನಲ್ಲ?"

ಸ್ಪ್ರಿಂಗಣ್ಣ ನೆಲ ನೋಡಿದ.

"ರೆಪ್ಪೆ ಅರ್ಧಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಂತ್ರೆ ಬೀಪ್. ತಕ್ಷಣ ಫೋನ್ ಮಾಡಿ ಅಂದಿದ್ದೆ." ಅವಳು ಹೆಬ್ಬೆರಳಿನಿಂದ ಅವನ ಹುಬ್ಬನ್ನು ಒತ್ತಿಹಿಡಿದಳು. "ಈಗ ಹುಬ್ಬಿನ ಸಹಾಯ ಇಲ್ಲದೆ ಮೇಲೆ ನೋಡಿ."

ನೋಡಿದ. ಎರಡು ರೆಪ್ಪೆಗಳೂ ಅರ್ಧ ದಾರಿಯಲ್ಲೇ ಕೂತವು. ನಾದಿನಿ ಪುಟ್ಟ ಅಳತೆಪಟ್ಟಿ ಹಿಡಿದು ಅಳೆದಳು, ಇನ್ನೊಮ್ಮೆ ಅಳೆದಳು.

"ನಿದ್ದೆ ಅಲ್ಲ ಅಕ್ಕ," ಎಂದಳು. "ರೆಪ್ಪೆ ಎತ್ತೋ ಸ್ನಾಯು ಸಡಿಲ ಆಗಿದೆ. ದಣಿದಾಗ ಇನ್ನೂ ಇಳಿಯುತ್ತೆ. ನೋಡೋರಿಗೆ ತೂಕಡಿಸ್ತಿದ್ದಾರೆ ಅನ್ಸುತ್ತೆ, ಒಳಗೆ ಎಚ್ಚರವಾಗೇ ಇರ್ತಾರೆ. ಬೇರೆ ಕಾಯಿಲೆ ಇಲ್ಲ ಅಂತ ಒಂದೆರಡು ಪರೀಕ್ಷೆ ಮಾಡಿಸೋಣ, ಆಮೇಲೆ ಸಣ್ಣ ಆಪರೇಷನ್. ಭಾವ, ನಿಮ್ಮನ್ನ ಆರೋಗ್ಯವಂತರ ಗುಂಪಿನಿಂದ ತೆಗೆದು ರೋಗಿಗಳ ಗುಂಪಿಗೆ ಹಾಕ್ತಿದ್ದೀನಿ."

ರೋಗಿ ಎನ್ನಿಸಿಕೊಂಡು ಇಷ್ಟು ಹಿಗ್ಗಿದವನು ಆ ಆಸ್ಪತ್ರೆಯಲ್ಲಿ ಹಿಂದೆಂದೂ ಇದ್ದಿರಲಾರ! "ಕೇಳಿದ್ಯಾ? ಕೇಳಿದ್ಯೇನೇ? ನಿದ್ದೆ ಅಲ್ಲ! ಏಕಾಗ್ರತೆ!"

ನಾದಿನಿ ಅಲ್ಲಿಂದಲೇ ಅಂಗಡಿಯ ಯಜಮಾನನಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಆ ಕಡೆಯಿಂದ ಯಜಮಾನನ ದನಿ ಎಲ್ಲರಿಗೂ ಕೇಳಿಸಿತು: "ಅಂದ್ರೆ ಅವನು ಇಷ್ಟು ವರ್ಷ ಎಚ್ಚರವಾಗಿದ್ನಾ? ನಾನು ಅವನ ತೂಕಡಿಕೆ ನಮ್ಮ ಹಾಸಿಗೆಗೆ ಒಳ್ಳೆ ಜಾಹೀರಾತು ಅಂತ ಸುಮ್ಮನಿದ್ದೆ ಡಾಕ್ಟ್ರೇ! ಸರಿ, ನಾಳೆ ಬರೋಕೆ ಹೇಳಿ. ಬರೋವಾಗ ಸೂಜಿದಾರ ತರಲಿ, ಹಾಸಿಗೆ ಹೊಲೀಬೇಕು."

ಹೆಂಡತಿಯ ಕಣ್ಣು ತುಂಬಿಬಂತು. "ಎಷ್ಟು ಬೈದಿದ್ದೀನಿ ನಿಮ್ಮನ್ನ! ದಿನಾ ಸಂಜೆ, ಬಾಯಿಗೆ ಬಂದ ಹಾಗೆ. ಪಾಪ, ನೀವು ಎಲ್ಲ ಕೇಳಿಸ್ಕೊಳ್ತಾ ಇದ್ರಿ."

"ಹೋಗ್ಲಿ ಬಿಡು," ಎಂದ ಸ್ಪ್ರಿಂಗಣ್ಣ, ಸಿಂಹಾಸನದ ಮೇಲಿರುವವನ ಹಾಗೆ ಕೈಯೆತ್ತಿ. "ಕ್ಷಮಿಸಿದ್ದೀನಿ."

"ಹಾಗಾದ್ರೆ ಕಳೆದ ವಾರ ನಾನು ಹೇಳಿದ ಸಂತೋಷದ ಸುದ್ದೀನೂ ಕೇಳಿಸ್ಕೊಂಡಿದ್ದೀರಿ! ನೀವು ಏನೂ ಅನ್ಲಿಲ್ಲ ಅಂತ ನಾನು ಎಷ್ಟು ನೊಂದ್ಕೊಂಡಿದ್ದೆ, ಗೊತ್ತಾ?"

ಸಿಂಹಾಸನ ಅಲುಗಾಡಿತು. "ಅದಾ... ಆ ಸುದ್ದಿ... ಮರೆಯೋಕಾಗುತ್ತಾ?"

"ಏನು ಹೇಳಿ?"

ಸ್ಪ್ರಿಂಗಣ್ಣ ನಾದಿನಿಯ ಮುಖ ನೋಡಿದ. ಅವಳು ತುಟಿ ಬಿಗಿಹಿಡಿದಿದ್ದಳು. "ನಿನಗೆ ಬಡ್ತಿ ಬಂತು?" ಎಂದ.

"ಅಲ್ಲ."

"ಅತ್ತೆ ವಾಪಸ್ ಹೊರಟ್ರು?"

"ರೀ!" ಹೆಂಡತಿಯ ದನಿ ಸಣ್ಣದಾಯಿತು. "ಎಲ್ಲ ನಿಲ್ದಾಣಗಳಲ್ಲೂ ಇನ್ಮುಂದೆ ನನ್ನ ದನೀನೇ ಕೇಳ್ಸೋದು. ಅಷ್ಟು ಜನರಲ್ಲಿ ನನ್ನ ದನಿ ಆರಿಸಿದ್ದಾರೆ ಅಂತ ಹೇಳಿದೆ. ಎರಡು ಸಲ ಹೇಳಿದೆ. ನೀವು 'ಹೂಂ, ಬರೋವಾಗ ತಗೊಂಡು ಬಾ' ಅಂದ್ರಿ."

ನಿದ್ದೆ ಬಂದಿತ್ತು ಎನ್ನೋಣವೆಂದರೆ, ಆ ಸುಖದ ನೆಪವನ್ನು ಸಂಶೋಧನೆ ಈಗ ತಾನೇ ಕಿತ್ತುಕೊಂಡಿತ್ತು. ಎಚ್ಚರವಾಗಿದ್ದ ಎನ್ನುವುದಕ್ಕೆ ನಾದಿನಿಯ ಮಾತೇ ಸಾಕ್ಷಿ. ಸ್ಪ್ರಿಂಗಣ್ಣನಿಗೆ ಮೊದಲ ಬಾರಿಗೆ ನಿಜವಾಗಿಯೂ ನಾಚಿಕೆಯಾಯಿತು. ಹೆಂಡತಿಯ ಕೈ ಹಿಡಿದುಕೊಂಡ. "ತಪ್ಪಾಯ್ತು ಕಣೇ," ಎಂದ. "ಇನ್ಮೇಲೆ ನೀನು ಹೇಳೋ ಒಂದೊಂದು ಮಾತನ್ನೂ ಕೇಳ್ತೀನಿ. ಇದು ನನ್ನ ಶಪಥ!"

ಆ ಶಪಥವನ್ನು ಹೇಗೆ ಉಳಿಸಿಕೊಳ್ಳುವುದು, ಮನೆಗೆ ಹೋದ ಮೇಲೆ ಅತ್ತೆಯ ಮುಂದೆ ಏನು ಹೇಳುವುದು ಎಂದು ಅವನು ಆಗಲೇ ಯೋಚನೆಗೆ ಬಿದ್ದಿದ್ದ.

ನಾದಿನಿ ಎದ್ದು ಅಕ್ಕನ ಹೆಗಲ ಮೇಲೆ ಕೈಯಿಟ್ಟಳು. "ಅಕ್ಕ, ರೆಪ್ಪೆ ಎತ್ತಿ ಕೊಡೋದು ನನ್ನ ಜವಾಬ್ದಾರಿ. ಕಿವಿ ನಂದಲ್ಲ. ಭಾವ, ಕಿವಿ ವಿಭಾಗ ಎರಡನೇ ಮಹಡೀಲಿದೆ, ಮೆಟ್ಟಿಲು ಹತ್ತಿ ಎಡಗಡೆಗೆ."

ಸ್ಪ್ರಿಂಗಣ್ಣ ಬೆಚ್ಚಿ ತಲೆಯೆತ್ತಿದ.

"ಆಂ? ಏನೋ ಅಂದ್ಯಲ್ಲಮ್ಮ?"