ರುಚಿ ನೋಡದ ಕೋಸಂಬರಿ

ಮಾವಿನಕಾಯಿ ಬಂದ ಕೂಡಲೇ ನಮ್ಮ ಅಡುಗೆಮನೆಯಲ್ಲಿ ಎಡವಟ್ಟುಗಳೂ ಶುರುವಾಗುತ್ತವೆ. ಇನ್ನಾಗಲ್ಲ ಅಂತ ಪ್ರತಿ ಬೇಸಿಗೆಯಲ್ಲೂ ಅಂದುಕೊಳ್ಳುತ್ತೀನಿ, ಆಗೇ ಆಗುತ್ತೆ. ಈ ಸಲದ್ದು ಮಾತ್ರ ಸ್ವಲ್ಪ ಜಾಸ್ತಿಯಾಯಿತು.

ಬಸವನಗುಡಿಯ ನಮ್ಮ ಬೀದಿಯಲ್ಲಿ ರಾಮನವಮಿಗೆ ಪೆಂಡಾಲ್ ಹಾಕುತ್ತಾರೆ. ಕೋಸಂಬರಿ, ನೀರುಮಜ್ಜಿಗೆ ಎಷ್ಟೋ ವರ್ಷದಿಂದ ನನ್ನ ಕೈಯದೇ. ಈ ಸಲ ಬೀದಿಯ ಸೆಕ್ರೆಟರಿ ಬಂದು, ನಿಮಗೆ ವಯಸ್ಸಾಯಿತು ಅಜ್ಜಿ, ಕೇಟರಿಂಗ್‌ನವರಿಗೆ ಕೊಟ್ಟುಬಿಡೋಣ ಅಂದ. ಇದೊಂದು ವರ್ಷ ನೋಡಪ್ಪ, ಜನ ಚೆನ್ನಾಗಿಲ್ಲ ಅಂದರೆ ನಾನೇ ಸೌಟು ಕೆಳಗಿಡುತ್ತೀನಿ ಅಂದೆ. ಹೇಳಿದ್ದೇನೋ ಜೋರಾಗೇ ಹೇಳಿದೆ, ಅವನು ಹೋದ ಕೂಡಲೇ ಮಾತ್ರ ದೇವರಿಗೊಂದು ತುಪ್ಪದ ದೀಪ ಹಚ್ಚಿದೆ.

ಹುಳಿ ಮಾವಿನಕಾಯಿ

ಮಾವಿನಕಾಯಿ ಹುಳಿ ಇದೆಯಾ ಅಂತ ಗಾಡಿಯವನನ್ನು ಕೇಳಿದೆ. ದೇವರಿಗೆ ತಗೊಂಡು ಹೋಗೋದು, ನಾನು ರುಚಿ ನೋಡೋ ಹಾಗಿಲ್ಲ, ನೀನೇ ಒಂದು ತಿಂದು ಹೇಳು ಅಂದೆ. ಪಾಪ, ಒಂದು ಹೋಳು ಬಾಯಿಗಿಟ್ಟ. ಒಂದು ಕಣ್ಣು ಮುಚ್ಚಿತು, ಹೆಗಲು ಕಿವಿ ಮುಟ್ಟಿತು. ಆದರೂ ವ್ಯಾಪಾರ ಬಿಡಬಾರದಲ್ಲ, "ಸಕ್ಕರೆ ಅಜ್ಜಿ, ಸಕ್ಕರೆ" ಅಂದ.

ಹಾಗಾದರೆ ಬೇಡ ಬಿಡು, ನನಗೆ ಹುಳಿಯೇ ಬೇಕು ಅಂತ ತಿರುಗಿದೆ.

"ನಿಲ್ಲಿ ಅಜ್ಜಿ, ಸುಳ್ಳು ಹೇಳ್ದೆ. ಇವತ್ತು ಮಧ್ಯಾಹ್ನದ ಊಟ ಹಂಗೇ ನುಂಗ್ಬೇಕು ನಾನು, ಅಗಿಯೋಕೆ ಹಲ್ಲು ಬರಲ್ಲ."

ಹತ್ತು ಸೌತೆಕಾಯಿ

ಸೌತೆಕಾಯಿಯ ತುದಿ ಕತ್ತರಿಸಿ, ಆ ತುಂಡನ್ನೇ ಕೊಯ್ದ ಜಾಗಕ್ಕೆ ಉಜ್ಜಿದರೆ ನೊರೆ ಬಂದು ಕಹಿ ಹೋಗುತ್ತೆ. ಆ ಕೆಲಸ ನಮ್ಮ ಯಜಮಾನರಿಗೆ ಕೊಟ್ಟೆ. ರಿಟೈರ್ ಆಗಿದ್ದಾರೆ, ಕೈಗೆ ಕೆಲಸ ಇದ್ದರೆ ಟಿವಿ ನ್ಯೂಸ್‌ನವರ ಜೊತೆ ಜಗಳ ಆಡಲ್ಲ. ನಾನು ಹೆಸರುಬೇಳೆ ತೊಳೆದು ಬರೋ ಹೊತ್ತಿಗೆ ಹತ್ತೂ ಸಾಲಾಗಿ ಜೋಡಿಸಿದ್ದರು, ಒಂದೊಂದಕ್ಕೂ ಒಂದೊಂದು ಕಚ್ಚಿದ ಗುರುತು.

"ಇದೇನ್ರೀ?"

"ಉಜ್ಜಿದ್ದು ಸರಿಯಾಯ್ತಾ ಅಂತ ನೋಡ್ದೆ. ಒಂದೂ ಕಹಿ ಇಲ್ಲ ಕಣೇ, ಧೈರ್ಯವಾಗಿರು."

ದೇವರಿಗೆ ಎಂಜಲು ಇಡೋಕಾಗುತ್ತಾ? ಮತ್ತೆ ಹತ್ತು ತರಿಸಿದೆ. ಕಚ್ಚಿದ್ದನ್ನೆಲ್ಲ ಹಬ್ಬ ಕಳೆದ ಮೇಲೆ ಅವರಿಗೇ ಪಚಡಿ, ಸಾಸಿವೆ, ಪಲ್ಯ ಅಂತ ದಿನಾ ಬಡಿಸಿದೆ. ನಾಲ್ಕನೇ ದಿನ, ಒಂದಾದರೂ ಕಹಿ ಇದ್ದಿದ್ದರೆ ಬಿಸಾಕಬಹುದಿತ್ತಲ್ಲ ಅಂತ ಅವರೇ ಪೇಚಾಡಿಕೊಂಡರು.

ಹಬ್ಬದ ದಿನ

ಕೋಸಂಬರಿಗೆ ಉಪ್ಪು ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತೆ, ಹೊರಡೋ ಗಳಿಗೆಯಲ್ಲೇ ಹಾಕಬೇಕು. ನಾನು ಹಾಕಿ ಸೀರೆ ಬದಲಾಯಿಸೋಕೆ ಹೋದೆ. ಅತ್ತೆ ಗಡಿಬಿಡಿಯಲ್ಲಿ ಮರೆತರೇನೋ ಅಂತ ಸೊಸೆ ಹಾಕಿದಳು. ಸೌತೆಕಾಯಿ ತಪ್ಪಿಗೆ ಒಂದು ಉಪಕಾರ ಮಾಡೋಣ ಅಂತ ಯಜಮಾನರೂ ಹಾಕಿದರು. ನೈವೇದ್ಯಕ್ಕೆ ಮುಂಚೆ ಯಾರೂ ರುಚಿ ನೋಡೋ ಹಾಗಿಲ್ಲವಲ್ಲ, ಮೂರು ಜನವೂ ನೆಮ್ಮದಿಯಾಗಿ ಪಾತ್ರೆ ಹೊತ್ತುಕೊಂಡು ಹೋದೆವು.

ಮಂಗಳಾರತಿ ಆಯಿತು. ಮೊದಲ ದೊನ್ನೆ ಅರ್ಚಕರಿಗೆ. ಒಂದು ತುತ್ತು ಬಾಯಿಗಿಟ್ಟವರೇ ಮಜ್ಜಿಗೆಗೆ ಕೈ ಚಾಚಿದರು. ಅನುಮಾನ ಬಂದು ನಾನೂ ಚೂರು ಬಾಯಿಗೆ ಹಾಕಿಕೊಂಡೆ. ಸಮುದ್ರ. ಸೌಟು ಕೆಳಗಿಡೋ ದಿನ ಬಂತು ಅಂದುಕೊಂಡೆ. ಅಷ್ಟರಲ್ಲಿ ಸೊಸೆ ಅರ್ಧ ಬೀದಿಗೆ ಹಂಚಿಯಾಗಿತ್ತು.

ಪ್ರಸಾದ ಬೇರೆ, ಉಗುಳೋ ಹಾಗಿಲ್ಲ, ಬಿಸಾಕೋ ಹಾಗಿಲ್ಲ. ಎಲ್ಲರೂ ಭಕ್ತಿಯಿಂದ ನುಂಗಿ ನೆಟ್ಟಗೆ ಮಜ್ಜಿಗೆ ಕೊಳಗದ ಹತ್ತಿರ ಬಂದರು. ಕುಡಿದವರು ಮತ್ತೆ ಬಂದರು. ಬಿಸಿಲು ಬೇರೆ. ಕೊಳಗ ಖಾಲಿಯಾಗಿ, ಸೊಸೆ ಎರಡು ಸಲ ಮನೆಗೆ ಓಡಿ ಮೊಸರು ಕಡೆದು ತಂದಳು.

ಸೆಕ್ರೆಟರಿ ಐದನೇ ಲೋಟ ಹಿಡಿದುಕೊಂಡು ನನ್ನ ಹತ್ತಿರ ಬಂದ. ನಾನು ತಲೆ ತಗ್ಗಿಸಿದೆ.

"ಅಜ್ಜಿ, ಕೇಟರಿಂಗ್ ಮಾತು ಬಿಟ್ಬಿಡಿ. ಮಜ್ಜಿಗೆಗೆ ಜನ ಹಿಂಗೆ ಮುಗಿಬೀಳೋದು ನಾನು ನೋಡೇ ಇಲ್ಲ. ಮುಂದಿನ ವರ್ಷನೂ ನೀವೇ."

ಖಾಲಿ ಪಾತ್ರೆ ಹಿಡಿದು ಮನೆಗೆ ಬರುತ್ತಾ, ಮುಂದಿನ ಸಲ ಉಪ್ಪು ಯಾರು ಹಾಕೋದು ಅಂತ ಯಜಮಾನರು ಮೆಲ್ಲಗೆ ಕೇಳಿದರು.

"ಮೂರೂ ಜನ ಹಾಕೋಣ ರೀ" ಅಂದೆ. "ಈ ಅಳತೆ ಕೈಗೆ ಕೂತಿದೆ, ಬದಲಾಯಿಸೋದು ಬೇಡ."