ಪಾಚಿ ಕಟ್ಟಿದ್ದು

ಎಂಟು ವರ್ಷ ಕಾಲುವೆಯ ತೂಬುಗಳಿಂದ ಪಾಚಿ ಕೆರೆದು ಕೆರೆದು ಉಗುರು ಸವೆಸಿಕೊಂಡಿದ್ದ ಶಾವಲಿಯನ್ನು ಒಂದು ಬೆಳಿಗ್ಗೆ ಸಿಂಧನೂರಿನ ಎಂಜಿನಿಯರ್ ಸಾಹೇಬರು ಬಂಗಲೆಗೆ ಕರೆಸಿದರು. ಅಲ್ಲಿ ಮದರಾಸಿನಿಂದ ತರಿಸಿದ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ನೀರು, ನೀರಿನಲ್ಲಿ ಆರು ಕೆಂಪು ಮೀನು. ಕಾಲುವೆಯಲ್ಲಿ ತೇಲಿಬಂದಿದ್ದ ಜಾಲಿಯ ಬೇರೊಂದನ್ನು ಮುಂದಿಟ್ಟು, ವಿಲಾಯತಿ ಪುಸ್ತಕದ ಚಿತ್ರ ತೋರಿಸಿ, ಇದಕ್ಕೆ ಹೀಗೆ ಪಾಚಿ ಕಟ್ಟಬೇಕು ಎಂದರು.

"ಪಾಚಿ ತಾನ ಕಟ್ಟತೈತ್ರೀ ಸಾಹೇಬ್ರ," ಅಂದ ಶಾವಲಿ.

"ತಾನಾಗಿ ಕಟ್ಟೋವರೆಗೆ ಕಾಯೋಕಾಗಲ್ಲ. ಸಂಜೆ ಬೆಂಗಳೂರಿನ ದೊಡ್ಡ ಸಾಹೇಬರು ಊಟಕ್ಕೆ ಬರ್ತಾರೆ. ನೀನೇ ಕಟ್ಟು. ಚೆನ್ನಾಗಿ ಬಂದರೆ ನಿನ್ನ ವರ್ಗಾವಣೆ ಅರ್ಜಿ ಅವರ ಮುಂದೆ ಇಡ್ತೀನಿ."

ಲಿಂಗಸುಗೂರಿಗೆ ವರ್ಗ ಬೇಕೆಂದು ಶಾವಲಿ ಮೂರು ಅರ್ಜಿ ಹಾಕಿದ್ದ. ಅವನ ಕುರುಡು ತಾಯಿ ಮುದಗಲ್ಲು ಬಿಟ್ಟು ಬರಲೊಲ್ಲಳು. ಅವಳನ್ನು ನೋಡಿಕೊಂಡು ಹೆಂಡತಿ ಮೆಹರಬಾನು ಅಲ್ಲೇ ಇದ್ದಳು. ಮದುವೆಯಾಗಿ ಎರಡು ವರ್ಷವಾದರೂ ಗಂಡಹೆಂಡಿರು ಕೂಡಿ ಉಂಡ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಲಿಂಗಸುಗೂರಾದರೆ ಮುದಗಲ್ಲಿಗೆ ಹತ್ತಿರ, ದಿನಾ ಬಸ್ಸಿನಲ್ಲಿ ಹೋಗಿ ಬರಬಹುದು, ಸಂಜೆ ಅವಳ ಕೈಯ ಬಿಸಿ ರೊಟ್ಟಿ ಉಣ್ಣಬಹುದು.

ಕಾಲುವೆಗೆ ಓಡಿ ಕೈಗೆ ಸಿಕ್ಕ ಪಾಚಿಯನ್ನೇ ಬಾಚಿ ತಂದ. ಗುಮಾಸ್ತ ದೊಡ್ಡಬಸಪ್ಪ ಸುಮ್ಮನಿರಬೇಕಲ್ಲ, ಆಫೀಸಿನ ಗೋಂದು ಹಚ್ಚಿದರೆ ಸರ್ಕಾರಿ ಲಕೋಟೆಯಷ್ಟು ಭದ್ರ ಎಂದು ಬಾಟಲಿಯನ್ನೇ ಸುರಿದ. ಬೇರನ್ನು ಬಕೆಟ್ಟಿನ ನೀರಿಗಿಳಿಸಿ ನೋಡಿದರೆ, ಪಾಚಿ ಲೋಳೆಯಾಗಿ ಕಳಚಿಕೊಂಡು ನೀರು ಅಂಬಲಿಯಾಯಿತು. ಮೀನು ಅದರಲ್ಲಿರಲಿಲ್ಲ, ಅವುಗಳ ಪುಣ್ಯ.

ಪಾಚಿಯಲ್ಲೂ ಜಾತಿಗಳಿವೆ ಎಂಬುದು ಶಾವಲಿಗೆ ಆಗ ಹೊಳೆಯಿತು. ನಿಂತ ನೀರಿನದು ಬರೀ ಲೋಳೆ. ತೂಬಿನ ನೆರಳಲ್ಲಿ, ನೀರು ಚಿಮ್ಮುವ ಕಲ್ಲಿಗೆ ಹಿಡಿಯುವುದು ಮಖಮಲ್. ಎಷ್ಟು ಕೆರೆದರೂ ಹೋಗದೆ ಅವನನ್ನು ಎಂಟು ವರ್ಷ ಗೋಳು ಹೊಯ್ದುಕೊಂಡದ್ದು ಅದೇ. ಸೊಂಟಮಟ್ಟ ನೀರಿಗಿಳಿದು ಚಾಕುವಿನಿಂದ ಬಿಡಿಸಿ ತಂದು, ಬೇರಿಗೆ ತೆಳ್ಳಗೆ ಹೊದಿಸಿ, ಬಾಳೆನಾರು ಸುತ್ತಿ, ಬಂಗಲೆಯ ಹಿತ್ತಿಲಲ್ಲಿ ಬಕೆಟ್ಟಿನೊಳಗಿಟ್ಟು ಉಣ್ಣಲು ಹೋದ. ಬರುವಷ್ಟರಲ್ಲಿ ಪಾತ್ರೆ ತಿಕ್ಕುವ ಪೀರಮ್ಮ ಆ ಬೇರನ್ನು ಇಟ್ಟಂಗಿ ಪುಡಿ ಹಾಕಿ ತಿಕ್ಕಿ, ಫಳಫಳ ಹೊಳೆಸಿ ಬಿಸಿಲಿಗಿಟ್ಟಿದ್ದಳು.

"ಪಾಚಿ ಹಿಡದು ಹೊಲಸಾಗಿತ್ತು ತಮ್ಮಾ. ತಿಕ್ಕಿ ತಿಕ್ಕಿ ನನ್ನ ರಟ್ಟಿ ಹೋದ್ವು," ಎಂದು ಉಪಕಾರ ಮಾಡಿದವಳಂತೆ ಚಹಾ ಕೇಳಿದಳು.

ಶಾವಲಿ ಮತ್ತೆ ನೀರಿಗಿಳಿದ. ಪಾಚಿಯೇನೋ ಬಂತು, ನಾರು ಮುಗಿದಿತ್ತು. ಪಾಚಿಯೊಳಗೆ ಕಾಣದಂಥ ಹಸಿರು ದಾರ ಅವನ ಖೋಲಿಯಲ್ಲಿ ಒಂದೇ ಕಡೆ ಇತ್ತು, ಹೊದೆಯಲೆಂದು ಮೆಹರಬಾನು ಹೊಲಿದು ಕಳಿಸಿದ್ದ ಕೌದಿಯ ಅಂಚಿನಲ್ಲಿ. ಒಂದು ಸಾಲು ಬಿಚ್ಚಿದ, ಸಾಲಲಿಲ್ಲ. ಎರಡನೆಯದನ್ನೂ ಬಿಚ್ಚಿದ. ತನ್ನ ಕೈ ಹಿಡಿದಿದ್ದ ಅವಳ ಬೆರಳುಗಳನ್ನು ತಾನೇ ಬಿಡಿಸಿಕೊಂಡಂತಾಗಿ ಕಣ್ಣು ತುಂಬಿತು. ಇನ್ನೇನು, ವರ್ಗವಾದ ಮೇಲೆ ಎದುರಿಗೇ ಕೂತು ಮತ್ತೆ ಹೊಲಿಯುತ್ತಾಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ದೀಪ ಹಚ್ಚುವ ಹೊತ್ತಿಗೆ ಬಂದ ದೊಡ್ಡ ಸಾಹೇಬರು ಊಟ ಮರೆತು ಗಾಜಿನ ಮುಂದೆ ಕೂತರು. ಹಸಿರು ಬೇರಿನ ಸಂದಿಯಲ್ಲಿ ಕೆಂಪು ಮೀನುಗಳು ನುಸುಳಿ ಆಡುತ್ತಿದ್ದವು. ಕಟ್ಟಿದವನನ್ನು ಕರೆಸಿ ಬೆನ್ನು ತಟ್ಟಿ, ಅರ್ಜಿ ತರಿಸಿ ನಿಂತಲ್ಲೇ ಸಹಿ ಹಾಕಿದರು. ಶಾವಲಿ ಸಲಾಂ ಹೊಡೆದು ಖೋಲಿಗೆ ಓಡಿ ಗಂಟು ಕಟ್ಟತೊಡಗಿದ. ಹಿಂದೆಯೇ ದೊಡ್ಡಬಸಪ್ಪ ಕಾಗದ ಹಿಡಿದುಕೊಂಡು ಬಂದ.

"ನಸೀಬದಾರ ಅದೀಪಾ ನೀ. ನಿನ್ನ ಬದ್ಲಿ ಅರ್ಜ್ಯಾಗ ಲಿಂಗಸುಗೂರು ಅಂತಿದ್ದದ್ದನ್ನ ಹೊಡದು, ಬೆಂಗಳೂರು ಅಂತ ಬರದಾರ. ಅವರ ಬಂಗಲ್ಯಾಗ ಇಂಥಾ ಪೆಟ್ಟಿಗಿ ಮೂರು ಅದಾವಂತ."

ಓಣಿಯವರೆಲ್ಲ ಸೇರಿ ಸಿಹಿ ಯಾವಾಗ ಎಂದು ಕೇಳಿದರು. ಶಾವಲಿ ಗಂಟಿನ ಮೇಲೆಯೇ ಕುಸಿದು ಕೂತ. ಅವನಿಗೆ ಓದುಬರಹ ಬಾರದು. ಮುದಗಲ್ಲಿಗೆ ಹೋಗುವ ಕಾಗದಗಳನ್ನೆಲ್ಲ ಬರೆದುಕೊಡುತ್ತಿದ್ದವನು ದೊಡ್ಡಬಸಪ್ಪನೇ. ಮನೆಗೆ ಏನೆಂದು ಬರೆಯಲಿ ಎಂದು ಅವನು ಉತ್ಸಾಹದಿಂದ ಕೇಳಿದ.

"ಬದ್ಲಿ ಆತು ಅಂತ ಬರೀರಿ," ಅಂದ ಶಾವಲಿ. "ಎಲ್ಲಿಗಂತ ಬರೀಬ್ಯಾಡ್ರಿ."